ಒಳಗಿನವನಿಗೂ ಒಂದು ಹನಿ ತೀರ್ಥ

ನಮ್ಮ ದಮಯಂತಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಸ್ವಲ್ಪ ಜೋರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಸೊಸೈಟಿ ಮೀಟಿಂಗಿನಲ್ಲಿ ನೀರಿಗಾಗಿ ಕಿರುಚಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೂವರ ಬೆಂಚಿನ ನಾಲ್ಕನೇ ಸೀಟಿಗಾಗಿ ಕಿರುಚಿ ಪಳಗಿದ ಬಾಯಿ ಇದು, ಮೆತ್ತಗೆ ಹೇಗಿದ್ದೀತು? ಹಾಗಾಗಿ ನಾನು ಮಾಡಿದ ತಪ್ಪನ್ನೂ ಜೋರಾಗಿಯೇ ಹೇಳುತ್ತೇನೆ. ನನ್ನ ಹೆಸರು ಶ್ರೀಮತಿ. ಊರು ಉಡುಪಿ.

ದಮಯಂತಿ ನನಗೆ ಸಂಬಂಧಿಕಳಲ್ಲ. ಕಾರ್ಕಳದ ಕಡೆಯವಳು. 1998ರಲ್ಲಿ ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಕ್ಲರ್ಕ್ ಕೆಲಸ ಸಿಕ್ಕಿ ಬಂದಳು. ಆಗ ಅವಳಿಗೆ ಮೂವತ್ತೇಳು. ಮದುವೆ ಆಗಿರಲಿಲ್ಲ, ಆಗುವ ಅಂದಾಜೂ ಅವಳಿಗಿರಲಿಲ್ಲ. ನನ್ನ ಮಗಳು ಮದುವೆಯಾಗಿ ವಾಶಿಗೆ ಹೋದ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು, ಪೇಯಿಂಗ್ ಗೆಸ್ಟ್ ಅಂತ ಇಟ್ಟುಕೊಂಡೆ. "ಆರೇ ತಿಂಗಳು ಅಕ್ಕ, ಆಮೇಲೆ ಬೇರೆ ನೋಡಿಕೊಳ್ಳುತ್ತೇನೆ" ಅಂದವಳು ಹದಿಮೂರು ವರ್ಷವಾದರೂ ನೋಡಿಕೊಳ್ಳಲಿಲ್ಲ, ನಾನೂ ನೆನಪು ಮಾಡಲಿಲ್ಲ. ಮಾತು ಬಹಳ ಕಡಿಮೆ. ನಾನು ಹತ್ತು ಮಾತಾಡಿದರೆ ಅವಳದ್ದು "ಹೌದಾ" ಅಂತ ಒಂದು. ನಮ್ಮವರು, ಪುಂಡರೀಕಾಕ್ಷ ರಾಯರು, ಕಲ್ಯಾಣ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್. "ಈ ಮನೆಯಲ್ಲಿ ಒಬ್ಬಳಾದರೂ ಬಾಯಿ ಮುಚ್ಚಿಕೊಂಡಿರುವವಳು ಇದ್ದಾಳಲ್ಲ, ನನ್ನ ಪುಣ್ಯ" ಅಂತ ನನ್ನೆದುರೇ ಹೇಳುತ್ತಿದ್ದರು.

2005ರ ಜುಲೈಯ ಆ ದೊಡ್ಡ ನೆರೆಯಲ್ಲಿ ಶಾಲೆಯ ಆಫೀಸಿಗೆ ಎದೆಮಟ್ಟ ನೀರು ನುಗ್ಗಿತು. ನೀರು ಇಳಿದ ಮೇಲೆ ಉಳಿದವರೆಲ್ಲ ಫ್ಯಾನು, ಬೆಂಚು, ಕುರ್ಚಿ ಏನಾಯಿತು ಅಂತ ನೋಡುತ್ತಿದ್ದರೆ ಇವಳು ಜನರಲ್ ರಿಜಿಸ್ಟರುಗಳನ್ನು ಎರಡು ರಿಕ್ಷಾದಲ್ಲಿ ಹೇರಿಕೊಂಡು ಸೀದಾ ನನ್ನ ಮನೆಗೆ ಬಂದಳು. ಶಾಲೆಗೆ ಸೇರಿದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಊರು, ಜಾತಿ, ಸೇರಿದ್ದು ಯಾವಾಗ, ಬಿಟ್ಟದ್ದು ಯಾವಾಗ, ಎಲ್ಲ ಕೈಯಲ್ಲಿ ಬರೆದ ದಪ್ಪ ಪುಸ್ತಕಗಳು. ಹನ್ನೊಂದು. ಅಬ್ಬ, ಆ ಕೆಸರಿನ ನಾತ! ಹೊಲಿಗೆ ಬಿಚ್ಚಿ ನನ್ನ ಬಾಲ್ಕನಿಯ ಹಗ್ಗದ ಮೇಲೆಲ್ಲ ಪುಟಗಳನ್ನು ಹರಡಿದಳು. "ಎಂಥ ಮಾರಾಯ್ತಿ, ನನ್ನ ಸೀರೆ ಎಲ್ಲಿ ಒಣಗಿಸುವುದು? ನಿನ್ನ ತಲೆಯ ಮೇಲಾ?" ಅಂತ ಕೂಗಾಡಿದೆ. ಅವಳು ಮೇಲೊಂದು ಕೆಳಗೊಂದು ಹಳೆ ಪಂಚೆಯ ತುಂಡು ಇಟ್ಟು ಒಂದೊಂದೇ ಪುಟಕ್ಕೆ ಇಸ್ತ್ರಿ ಹಾಕುತ್ತ ಕೂತಳು. ಮೂರನೇ ದಿನ ನನಗೇ ನಾಚಿಕೆಯಾಗಿ ನಾನೂ ಪಕ್ಕದಲ್ಲಿ ಕೂತೆ.

ಆದರೆ ಕೆಸರು ಕುಡಿದ ಕಾಗದ ಎಷ್ಟು ದಿನ ಬಾಳೀತು? ಅಂಚು ಪುಡಿಯಾಗಲು ಶುರುವಾಯಿತು. ಅವಳು ಹೆಡ್‌ಮಾಸ್ತರರ ಒಪ್ಪಿಗೆ ತೆಗೆದುಕೊಂಡು, ಒಂದು ಸ್ಕ್ಯಾನರ್ ತಂದು, ಭಾನುವಾರ ಭಾನುವಾರ ಪುಟಗಳನ್ನು ಕಂಪ್ಯೂಟರಿಗೆ ಏರಿಸತೊಡಗಿದಳು. ನಾಲ್ಕು ಸಾವಿರದ ಚಿಲ್ಲರೆ ಪುಟ. "ಹೆಸರು, ತಾರೀಕು ಟೈಪ್ ಮಾಡಿಟ್ಟರೆ ಸಾಲದಾ?" ಅಂತ ನಾನು. "ಬದಿಯಲ್ಲಿ ಮಾಸ್ತರರು ಏನೇನೋ ಗೀಚಿದ್ದಾರೆ ಅಕ್ಕ, ಅದೂ ಬೇಕಾದೀತು" ಅಂತ ಅವಳು. ಅಂಚು, ಬೆನ್ನು, ಕಲೆ, ಏನನ್ನೂ ಬಿಡಲಿಲ್ಲ. ಹುಡುಕಲು ಸುಲಭವಾಗಲಿ ಅಂತ ಹೆಸರುಗಳನ್ನೂ ಟೈಪ್ ಮಾಡಿ ಸೇರಿಸಿದಳು.

ಕಂಪ್ಯೂಟರ್ ಕಲಿತದ್ದು ನಲವತ್ತು ದಾಟಿದ ಮೇಲೆ, ಸ್ಟೇಷನ್ ರಸ್ತೆಯ ಕ್ಲಾಸಿನಲ್ಲಿ, ಮೀಸೆ ಮೂಡದ ಹುಡುಗರ ನಡುವೆ ಕೂತು. ಇಂಗ್ಲಿಷ್ ಅಷ್ಟಕ್ಕಷ್ಟೇ. ಇಂಟರ್ನೆಟ್ಟಿನಿಂದ ಪುಟ ಪುಟ ಪ್ರಿಂಟ್ ತೆಗೆದು, ಡಿಕ್ಷನರಿ ಮಡಿಲಲ್ಲಿಟ್ಟುಕೊಂಡು, ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದುಕೊಂಡು ಓದುತ್ತಿದ್ದಳು. 2008ರಲ್ಲಿ ಒಂದು ದಿನ ತಿಂಡಿಯ ಹೊತ್ತಿಗೆ ನಾನು ಕೇಳಿಯೇ ಬಿಟ್ಟೆ. "ಬಾಗಿಲು ಹಾಕಿಕೊಂಡು ನೀನು ಕುಟ್ಟುವುದು ಎಂಥ?"

"ಮನೆಗೊಂದು ಸರ್ವರ್ ಮಾಡುತ್ತಿದ್ದೇನೆ ಅಕ್ಕ."

ನಮ್ಮವರು ಪೇಪರಿನಿಂದ ತಲೆ ಎತ್ತಿದರು. "ಸರ್ವರಾ? ನಮ್ಮಲ್ಲಿ ಸಪ್ಲಾಯರ್ ಅಂತೇವೆ. ಎಷ್ಟು ಟೇಬಲ್ ನೋಡಿಕೊಳ್ಳುತ್ತಾನೆ?"

"ಅದೇ ಕೆಲಸ ರಾಯರೇ. ಪುಟಗಳನ್ನು ಜೋಪಾನ ಮಾಡಿ ಇಟ್ಟುಕೊಂಡು, ಕೇಳಿದವರಿಗೆ ಕೇಳಿದ್ದನ್ನು ತಂದುಕೊಡುವುದು. ಆದರೆ ಇವನಿಗೆ ಒಂದು ಇಡೀ ಕಂಪ್ಯೂಟರೇ ಬೇಕಂತೆ. ನನ್ನ ಹತ್ತಿರ ಇರುವುದು ಒಂದು. ಅದರಲ್ಲಿ ಶಾಲೆಯ ಕನ್ನಡ ಟೈಪಿಂಗ್ ನಡೆಯಬೇಕು. ಆ ಟೈಪಿಂಗ್ ಸಾಫ್ಟ್‌ವೇರ್ ಬೇರೆ ಯಾವುದರಲ್ಲೂ ಏಳುವುದಿಲ್ಲ. ಅದಕ್ಕೆ ಇದರ ಒಳಗೇ ಇನ್ನೊಂದು ಕಂಪ್ಯೂಟರ್ ಮಾಡಿ ಇವನನ್ನು ಅಲ್ಲಿ ಕೂರಿಸಿದ್ದೇನೆ. ವರ್ಚುಯಲ್ ಮೆಷಿನ್ ಅಂತಾರೆ."

"ಒಳಗೆ ಅಂದರೆ? ಡಬ್ಬಿಯೊಳಗೆ ಡಬ್ಬಿಯಾ?"

"ಡಬ್ಬಿ ಗಿಬ್ಬಿ ಎಂಥದೂ ಇಲ್ಲ ಅಕ್ಕ. ಅದೊಂದು ದೊಡ್ಡ ಫೈಲ್ ಅಷ್ಟೆ." ನನ್ನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿರಬೇಕು. "ನಾನು ನಿಮ್ಮ ಮನೆಯಲ್ಲಿ ಇದ್ದೇನಲ್ಲ, ಹಾಗೆ. ಗೋಡೆ ನಿಮ್ಮದು, ನೀರು ನಿಮ್ಮದು, ಕರೆಂಟು ನಿಮ್ಮದು. ಆದರೆ ನಾನು ಬಾಗಿಲು ಹಾಕಿಕೊಂಡರೆ ಅದು ನನ್ನದೇ ಮನೆ. ಕಂಪ್ಯೂಟರಿನವರೂ ಹಾಗೆಯೇ ಹೇಳುತ್ತಾರೆ. ಹೊರಗಿನದು ಹೋಸ್ಟ್, ಒಳಗಿನವನು ಗೆಸ್ಟ್."

"ಓಹೋ! ನನ್ನ ಪಿಜಿ ತನ್ನ ಕೋಣೆಯಲ್ಲಿ ಇನ್ನೊಬ್ಬ ಪಿಜಿ ಇಟ್ಟುಕೊಂಡಿದ್ದಾಳೆ, ನನ್ನನ್ನು ಒಂದು ಮಾತು ಕೇಳದೆ!" ಅಂದೆ. ದಮಯಂತಿ ಬಾಯಿ ತೆರೆದು ನಕ್ಕದ್ದನ್ನು ಹತ್ತು ವರ್ಷದಲ್ಲಿ ಮೊದಲ ಸಲ ಕಂಡೆ.

ಒಂದೇ ಏಟಿಗೆ ಆದದ್ದಲ್ಲ ಅದು. ಮೊದಲು ಒಳಗಿನವನಿಗೆ ಮೆಮೊರಿಯಲ್ಲಿ ಮುಕ್ಕಾಲು ಪಾಲು ಕೊಟ್ಟುಬಿಟ್ಟಳು. ಟೈಪ್ ಮಾಡಲು ಕೂತರೆ, 'ಕ' ಒತ್ತಿ ಚಹಾ ಕುಡಿದು ಬಂದರೆ ಆಗ ಅಕ್ಷರ ಮೂಡುತ್ತಿತ್ತು. ಅವನಿಗೆ ಕಡಿಮೆ ಕೊಟ್ಟರೆ ಅವನು ಮುಷ್ಕರ ಹೂಡುತ್ತಿದ್ದ. ಮೂರು ಸಲ ಅಳಿಸಿ, ನಾಲ್ಕನೇ ಸಲ ಇಬ್ಬರಿಗೂ ಸಮಪಾಲು ಮಾಡಿ ಕಟ್ಟಿದಳು. ಆಮೇಲೆ ಮೂರು ವರ್ಷ ಅವನು ತಕರಾರಿಲ್ಲದೆ ದುಡಿದ. ಲೋಡ್ ಶೆಡ್ಡಿಂಗಿನ ಹೊತ್ತಿಗೆ ಹತ್ತು ನಿಮಿಷ ಮೊದಲು ಅವನನ್ನು ಕ್ರಮವಾಗಿ ನಿಲ್ಲಿಸುವುದು, ಕರೆಂಟು ಬಂದ ಮೇಲೆ ಎಬ್ಬಿಸುವುದು, ಇಷ್ಟೇ ಆರೈಕೆ. ಪಾಸ್‌ಪೋರ್ಟಿಗೆ, ಪೆನ್ಶನ್ನಿಗೆ, ಹೆಸರಿನ ತಿದ್ದುಪಡಿಗೆ ಅಂತ ಅರವತ್ತು ಎಪ್ಪತ್ತು ಜನಕ್ಕೆ ಅವರವರ ಪುಟ ತೆಗೆದುಕೊಟ್ಟಳು. ಹಳೆ ವಿದ್ಯಾರ್ಥಿಗಳು ಫೋನ್ ಮಾಡಿದರೆ ಅಡಿಗೆಮನೆಯಲ್ಲಿ ತನ್ನ ಪುಟ್ಟ ಲ್ಯಾಪ್‌ಟಾಪ್ ಬಿಚ್ಚಿ, ಕೋಣೆಯೊಳಗಿನ ಸರ್ವರಿನಿಂದ ಪುಟ ತರಿಸಿ, ಅಲ್ಲೇ ಓದಿ ಹೇಳುತ್ತಿದ್ದಳು. ನಾನು ಸಾಂಬಾರಿಗೆ ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ, ಹೆಮ್ಮೆಯಾಗುತ್ತಿತ್ತು, ಹೇಳುತ್ತಿರಲಿಲ್ಲ.

ಮೂರನೇ ಮಾಳಿಗೆಯ ಜಯಂತ್ ಮಾತ್ರ ಒಪ್ಪಿರಲಿಲ್ಲ. ಬೆಂಗಳೂರಿನ ಹುಡುಗ, ನವಿ ಮುಂಬೈಯಲ್ಲಿ ಯಾವುದೋ ಬ್ಯಾಂಕಿನ ಕಂಪ್ಯೂಟರ್ ವಿಭಾಗ. "ಮೇಡಂ, ಮನೇಲಿ ಆಟ ಆಡಕ್ಕೆ ಚೆನ್ನಾಗಿರುತ್ತೆ. ಆದ್ರೆ ಮುಖ್ಯವಾದ ದಾಖಲೆನೆಲ್ಲ ಹೀಗೆ ಒಂದ್ರೊಳಗೊಂದು ಇಡಬಾರದು. ಹೊರಗಿನದು ಹೋದ್ರೆ ಎರಡೂ ಹೋಗುತ್ತೆ" ಅಂದಿದ್ದ. "ಹೌದಾ" ಅಂದಿದ್ದಳು ದಮಯಂತಿ.

ಈಗ ನನ್ನ ತಪ್ಪಿನ ಕಥೆ. 2011ರ ನವರಾತ್ರಿ. ಆಯುಧಪೂಜೆ ಬುಧವಾರ, ದಸರೆ ಗುರುವಾರ. ಮಂಗಳವಾರ ಸಂಜೆ ಹಣಮಂತ್ರಾಯ ಅನ್ನುವವರು ಮಗಳನ್ನು ಕರೆದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದರು. ವಿಜಾಪುರದ ಕಡೆಯವರು, ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಲೋಡಿಂಗ್ ಕೆಲಸ. ಮಗಳು ನಿಶಾ, ಹುಟ್ಟಿದ್ದು ಬೆಳೆದದ್ದು ಕಲ್ಯಾಣದಲ್ಲಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳಿಗೆ ಸರಕಾರಿ ನರ್ಸಿಂಗ್ ಕಾಲೇಜಿನಲ್ಲಿ ಮೀಸಲಾತಿಯ ಸೀಟು ಸಿಕ್ಕಿತ್ತು. ಆದರೆ ತಂದೆ ಚಿಕ್ಕಂದಿನಿಂದ ಮಹಾರಾಷ್ಟ್ರದಲ್ಲೇ ಇದ್ದವರು ಅನ್ನುವುದಕ್ಕೆ ಶಾಲೆಯ ದಾಖಲೆ ಕೊಡಬೇಕು. ಠಾಣೆ ಪಟ್ಟಣದ ಪ್ರವೇಶ ಕಚೇರಿಯಲ್ಲಿ, ಶುಕ್ರವಾರ ಸಂಜೆ ಐದರೊಳಗೆ. ಇಲ್ಲದಿದ್ದರೆ ಸೀಟು ಮುಂದಿನವರಿಗೆ.

"ನಾ ನಿಮ್ಮ ಸಾಲ್ಯಾಗ ಕಲ್ತಾಂವ್ರೀ ಅಕ್ಕಾರ. ಏಳನೇತ್ತಾ ಮಟಾ" ಅಂದರು ಹಣಮಂತ್ರಾಯರು. "ಸಾಲಿಗೆ ಹೋಗಿದ್ದೆ. ಆ ವರ್ಷದ ಬುಕ್ಕು ಎಲ್ಲಾ ಪುಡಿಪುಡಿ ಆಗೇತಿ ಅಂದ್ರು. ದಮಯಂತಿ ಅಕ್ಕಾರನ್ನ ಕೇಳ್ರಿ ಅಂದ್ರು."

"ಪುಟ ಇದ್ದೀತು" ಅಂದಳು ದಮಯಂತಿ. "ನಿಮ್ಮ ಹೆಸರು ಯಾವ ರೀತಿ ಬರೆದಿದ್ದಾರೋ ನೋಡಬೇಕು. ನಾಳೆ ಶಾಲೆ ಮುಗಿಸಿ ಬಂದು ಹುಡುಕುತ್ತೇನೆ."

ನಿಶಾ ಎದ್ದು ಅವಳ ಕಾಲು ಮುಟ್ಟಿದಳು. "ಆಂಟಿ, ಪ್ಲೀಸ್ ಢೂಂಢ್ ದೀಜಿಯೇ" ಅಂದಳು, ಹುಡುಕಿಕೊಡಿ ಅಂತ.

ಮಾರನೆಯ ದಿನ ಆಯುಧಪೂಜೆ. ಹಿಂದಿನ ವರ್ಷ ನಾನು ಮಾನಿಟರಿಗೆ ಕುಂಕುಮ ಹಚ್ಚಿದಾಗ ದಮಯಂತಿ, "ಅದು ಬರೀ ಮುಖ ಅಕ್ಕ, ಮೆಷಿನ್ ಕೆಳಗಿನ ಪೆಟ್ಟಿಗೆ" ಅಂದಿದ್ದಳು. "ಮತ್ತೆ ನಿನ್ನ ಸರ್ವರ್? ಅವನಿಗೆ ಎಲ್ಲಿ ಹಚ್ಚುವುದು?" ಅಂದರೆ, "ಅವನಿಗೆ ಮೈಯೇ ಇಲ್ಲವಲ್ಲ" ಅಂತ ನಕ್ಕಿದ್ದಳು. ನನಗೆ ಅದು ಮನಸ್ಸಿನಲ್ಲೇ ಉಳಿದಿತ್ತು. ಮನೆಯ ಇಳಿಗೆಮಣೆಗೆ, ಮಿಕ್ಸರಿಗೆ, ನಮ್ಮವರ ಕೊಡೆಗೆ ಕೂಡ ಪೂಜೆ, ವರ್ಷವಿಡೀ ಊರಿಗೆಲ್ಲ ಉಪಕಾರ ಮಾಡುವವನಿಗೆ ಮಾತ್ರ ಇಲ್ಲವಾ? ಅದರಲ್ಲೂ ಆ ಹುಡುಗಿಯ ಕೆಲಸ ಅವನಿಂದ ಆಗಬೇಕು. ದಮಯಂತಿ ಶಾಲೆಗೆ ಹೋದ ಮೇಲೆ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಗಂಧ ಹಚ್ಚಿದೆ, ಸೇವಂತಿಗೆ ಇಟ್ಟೆ. ಪರದೆ ಕಪ್ಪಗಿತ್ತು, ಆಫ್ ಆಗಿದೆ ಅಂದುಕೊಂಡೆ. ಮೇಲ್ಗಡೆ ಜಾಲರಿಯ ಹಾಗೆ ತೂತುಗಳಿದ್ದವು. 'ಒಳಗಿನವನಿಗೂ ಒಂದು ಹನಿ ತೀರ್ಥ ಸಿಗಲಿ' ಅಂತ ಕಲಶದ ನೀರಿನಲ್ಲಿ ಮಾವಿನೆಲೆ ಅದ್ದಿ, ಆ ತೂತಿನ ಮೇಲೆ ಮೂರು ಸಲ ಚೆನ್ನಾಗಿ ಚಿಮುಕಿಸಿದೆ.

ಚಟ್ ಅಂತ ಒಂದು ಶಬ್ದ. ಒಂದು ಎಳೆ ಹೊಗೆ. ಸುಟ್ಟ ರಬ್ಬರಿನ ವಾಸನೆ. ಇಡೀ ಮನೆಯ ಫ್ಯೂಸ್ ಹೋಯಿತು.

ಅಯ್ಯೋ ದೇವರೇ, ಆ ಮಧ್ಯಾಹ್ನ ನಾನು ಹೇಗೆ ಕಳೆದೆ ಅಂತ ಕೇಳಬೇಡಿ. ಊಟ ಸೇರಲಿಲ್ಲ. ಕೋಣೆಯ ಬಾಗಿಲಲ್ಲೇ ಕೂತುಬಿಟ್ಟೆ. ನಾಲ್ಕೂವರೆಗೆ ದಮಯಂತಿ ಬಂದಳು. ನಾನು ಹೇಳುವ ಮೊದಲೇ ವಾಸನೆ ಹಿಡಿದಳು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿದಳು. ಬೋರ್ಡು ಸುಟ್ಟು ಕರಿಯಾಗಿತ್ತು, ಡಿಸ್ಕಿನ ಹಸಿರು ಪಟ್ಟಿಯ ಮೇಲೂ ಸುಟ್ಟ ಗುರುತು. ಹೂವನ್ನು ತೆಗೆದು ಪಕ್ಕಕ್ಕೆ ಇಟ್ಟಳು, ಅಷ್ಟೆ. ನನಗೆ ತಡೆಯಲಿಲ್ಲ. "ಬೈಯಿ ಮಾರಾಯ್ತಿ! ಒಂದು ಸಲ ಬೈಯಿ! ಆ ಹುಡುಗಿಯ ಬಾಳಿಗೆ ನೀರು ಬಿಟ್ಟೆನಲ್ಲ ನಾನು!" ಅಂತ ಅತ್ತೇಬಿಟ್ಟೆ.

"ಅಳಬೇಡಿ ಅಕ್ಕ" ಅಂದಳು. "ಹೋಸ್ಟ್ ಹೋದ. ಗೆಸ್ಟ್ ಹೋಗಿಲ್ಲ. ರಾಯರಿಗೆ ಫೋನ್ ಮಾಡಿ, ಬರುವಾಗ ಶನಿವಾರದ ಡಬ್ಬಿ ತರಲು ಹೇಳಿ."

ಶನಿವಾರದ ಡಬ್ಬಿ ಅಂದರೆ ಒಂದು ಸ್ಟೀಲ್ ಟಿಫಿನ್ ಡಬ್ಬಿ. ಪ್ರತಿ ಶನಿವಾರ ದಮಯಂತಿ ಒಂದನ್ನು ನಮ್ಮವರ ಕೈಗೆ ಕೊಡುವುದು, ಅವರು ಅದನ್ನು ಹೋಟೆಲಿನ ಗಲ್ಲಾದ ಕೆಳಗಿನ ಖಾನೆಯಲ್ಲಿ ಇಟ್ಟು, ಹಿಂದಿನ ವಾರದ್ದನ್ನು ವಾಪಸ್ ತರು‌ವುದು. ಮೂರು ವರ್ಷ ಇದು ನಡೆದಿತ್ತು. ಒಳಗೆ ಏನುಂಟು ಅಂತ ಅವರು ಒಂದು ದಿನ ಕೇಳಿದವರಲ್ಲ. ಏನೋ ಹರಕೆ ಇರಬೇಕು ಅಂದುಕೊಂಡಿದ್ದರಂತೆ! ಏಳು ಗಂಟೆಗೆ ಡಬ್ಬಿ ಬಂತು. ಹತ್ತಿಯ ಬಟ್ಟೆಯಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್. ಆ ಒಳಗಿನ ಕಂಪ್ಯೂಟರ್ ಇಡಿಯಾಗಿ, ಅದರ ಹೊಟ್ಟೆಯಲ್ಲಿರುವ ಎಲ್ಲ ಪುಟಗಳ ಸಮೇತ, ಒಂದು ಫೈಲ್ ಆಗಿ ಅದರಲ್ಲಿತ್ತು.

ಈಗ ಅವನನ್ನು ಕೂರಿಸಲು ಒಂದು ಹೊಸ ಮನೆ ಬೇಕು. ದಮಯಂತಿಯ ಪುಟ್ಟ ಲ್ಯಾಪ್‌ಟಾಪಿಗೆ ಅಷ್ಟು ತಾಕತ್ತಿಲ್ಲ. ಶಾಲೆಗೆ ಬೀಗ ಬಿದ್ದಾಗಿದೆ, ನಾಳೆ ರಜೆ. ಮೂರನೇ ಮಾಳಿಗೆಗೆ ಹೋದೆವು. ಜಯಂತನ ಹೆಂಡತಿ ವೇದಾ ಬಾಗಿಲಲ್ಲೇ ತಡೆದಳು. "ಆಂಟಿ, ಲ್ಯಾಪ್‌ಟಾಪ್ ಪೂಜೆಗೆ ಇಟ್ಟಿದೀನಿ. ನಾಳೆ ಪುನಃಪೂಜೆ ಆಗೋವರೆಗೆ ಮುಟ್ಟಂಗಿಲ್ಲ. ನೀವೇ ಹೇಳಿ, ಮುಟ್ಟಬಹುದಾ?" ನಾನೇನು ಹೇಳಲಿ? ಬೇರೆ ದಿನವಾಗಿದ್ದರೆ ನಾನೇ ಅವಳಿಗೆ ಶಾಸ್ತ್ರ ಹೇಳುತ್ತಿದ್ದೆ. ಜಯಂತನಿಗೆ ತಿಳಿಸು ಅಂತ ಹೇಳಿ ಇಳಿದು ಬಂದೆವು.

ದಸರೆಯ ಬೆಳಿಗ್ಗೆ ಎಂಟಕ್ಕೆ ಜಯಂತನೇ ಲ್ಯಾಪ್‌ಟಾಪ್ ಹಿಡಿದುಕೊಂಡು ಇಳಿದು ಬಂದ. ಮುಚ್ಚಳದ ಮೇಲೆ ಕುಂಕುಮ ಹಾಗೇ ಇತ್ತು. ಹಣಮಂತ್ರಾಯರೂ ನಿಶಾಳೂ ಅಷ್ಟರಲ್ಲಿ ಬಂದು ಗೋಡೆಗೆ ಒರಗಿ ಕೂತಿದ್ದರು. ದಮಯಂತಿ ಫೈಲ್ ನಕಲು ಮಾಡಿದಳು, ಅರ್ಧ ಗಂಟೆ ಹಿಡಿಯಿತು. ಎಬ್ಬಿಸಿದಳು. ಕೆಂಪು ಅಕ್ಷರದಲ್ಲಿ ಏನೋ ಬಂದು ನಿಂತುಬಿಟ್ಟಿತು.

"ನಾನು ಹೇಳಿದ್ನಲ್ಲ ಮೇಡಂ" ಅಂತ ಜಯಂತ್ ಶುರು ಮಾಡಿದ.

"ಇರಿ" ಅಂದಳು ದಮಯಂತಿ. ನಮ್ಮ ದಮಯಂತಿ ಒಬ್ಬರಿಗೆ 'ಇರಿ' ಅಂದದ್ದು! "ಅವನು ತನ್ನ ಡಿಸ್ಕನ್ನು ಹಳೆ ಮನೆಯ ವಿಳಾಸದಲ್ಲಿ ಹುಡುಕುತ್ತಿದ್ದಾನೆ. ಹೊಸ ವಿಳಾಸ ಹೇಳಿದರೆ ಆಯಿತು." ಎರಡು ಸಾಲು ತಿದ್ದಿದಳು. ಮತ್ತೆ ಎಬ್ಬಿಸಿದಳು. ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಸರಸರ ಓಡಿದವು. ಕೊನೆಗೆ ನಿಂತು, ಪಾಸ್‌ವರ್ಡ್ ಕೇಳಿತು. ಅವಳು ಒತ್ತಿದಳು. ಎಲ್ಲ ಪುಟಗಳೂ ಇದ್ದವು, ಒಂದೂ ಬಿಡದೆ. ತಾನು ಮನೆ ಬದಲಾಯಿಸಿದ್ದೇ ಅವನಿಗೆ ಗೊತ್ತಾದ ಹಾಗಿರಲಿಲ್ಲ.

ಜಯಂತ್ ಪರದೆಯ ಹತ್ತಿರ ಬಗ್ಗಿದ. "ಮೇಡಂ, ಇದನ್ನ ಮುಂಚೆ ಯಾವತ್ತಾದ್ರೂ ಮಾಡಿ ನೋಡಿದ್ರಾ?"

"ಆರು ತಿಂಗಳಿಗೊಮ್ಮೆ ಶಾಲೆಯ ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡುತ್ತೇನೆ. ಎದ್ದರೆ ತಾನೇ ನಕಲು ಅನ್ನುವುದು?"

"ನಮ್ಮ ಆಫೀಸಲ್ಲೂ ಯಾರೂ ಎಬ್ಬಿಸಿ ನೋಡಲ್ಲ" ಅಂದ ಅವನು, ಕಿವಿ ಹಿಡಿದುಕೊಂಡು. ನನಗೆ ಎದೆ ಇಷ್ಟಗಲ ಆಯಿತು. "ನೋಡಿದೆಯಾ, ಹತ್ತನೇ ಕ್ಲಾಸು ಮಾತ್ರ ಓದಿದ ಕ್ಲರ್ಕು!" ಅಂದೆ. ಹೇಳಬಾರದಿತ್ತು, ಆದರೂ ಹೇಳಿದೆ.

ಪುಟ ಸಿಕ್ಕಿತು. 1972ರಲ್ಲಿ ಸೇರಿದ್ದು. 'ಹಣಮಂತ್ರಾಯ' ಅಂತ ಹುಡುಕಿದರೆ ಇಲ್ಲ, 'ಹನುಮಂತರಾಯ' ಅಂದರೂ ಇಲ್ಲ, ಯಾರೋ ಮಾಸ್ತರರು 'ಹಣಮಂತ' ಅಂತ ಬರೆದು ಮುಗಿಸಿದ್ದರು. ತಂದೆಯ ಹೆಸರು, ಊರು, ಹುಟ್ಟಿದ ದಿನ ಎಲ್ಲ ತಾಳೆಯಾಯಿತು. ಬಲಗಡೆಯ ಅರ್ಧ ಕಾಲಮ್ಮುಗಳನ್ನು ಕೆಸರಿನ ಕಲೆ ನುಂಗಿತ್ತು. ಆದರೆ ಪರದೆಯ ಮೇಲಿನ ಪುಟ ಕಚೇರಿಗೆ ಸಾಲದು, ಅಸಲು ಕಾಗದ ನೋಡಿ ಮೊಹರು ಹಾಕಿದ ನಕಲೇ ಬೇಕು. ನಿಶಾಳ ಮುಖ ಮತ್ತೆ ಬಾಡಿತು. ದಮಯಂತಿ ಮಾತ್ರ ಪುಟವನ್ನು ದೊಡ್ಡದು ಮಾಡಿ ಮಾಡಿ ಅಂಚನ್ನೇ ನೋಡುತ್ತಿದ್ದಳು. ಅಲ್ಲಿ ಕೆಂಪು ಶಾಯಿಯಲ್ಲಿ, ಸೊಳ್ಳೆಯಷ್ಟು ಅಕ್ಷರದಲ್ಲಿ, 'ಬಿಡುಗಡೆ ಪತ್ರ ಸಂ. 212, 14-6-79, ಉಲ್ಹಾಸನಗರದ ಮರಾಠಿ ಹೈಸ್ಕೂಲಿಗೆ' ಅಂತ ಇತ್ತು.

"ನೀವು ಉಲ್ಹಾಸನಗರದ ಶಾಲೆಗೆ ಸೇರಿದ್ದಿರಾ?"

"ಇಲ್ರಿ ಅಕ್ಕಾರ. ಒಂದಿನಾನೂ ಹೋಗಿಲ್ರಿ" ಅಂದರು ಹಣಮಂತ್ರಾಯರು. "ಏಳನೇತ್ತಾ ಮುಗಿದ ಕೂಡ್ಲೆ ಕಲ್ಲಿನ ಖಣೀಗೆ ಹ್ವಾದೆ."

"ನೀವು ಹೋಗದಿದ್ದರೂ ನಿಮ್ಮ ಕಾಗದ ಹೋಗಿದೆ" ಅಂದಳು ದಮಯಂತಿ. "ಮಾಸ್ತರರೇ ಕಳಿಸಿರಬೇಕು. ಅಸಲು ಅಲ್ಲಿದ್ದೀತು."

ದಸರೆಯ ದಿನ ಆ ಶಾಲೆಗೆ ರಜೆ. ಉಳಿದದ್ದು ಶುಕ್ರವಾರ ಒಂದೇ. ನಾನೂ ಹೊರಟೆ. ಸುಟ್ಟದ್ದು ನಾನು, ಮನೆಯಲ್ಲಿ ಹೇಗೆ ಕೂರಲಿ? ಉಲ್ಹಾಸನಗರದ ಶಾಲೆಯ ಕ್ಲರ್ಕ್ ಒಳ್ಳೆಯ ಹೆಂಗಸು. ನಂಬರು, ತಾರೀಕು ಕೈಯಲ್ಲಿದ್ದುದರಿಂದ ಇಲ್ಲ ಅನ್ನಲಿಲ್ಲ, ಅಟ್ಟದಿಂದ 79ರ ಗಂಟು ಇಳಿಸಿದಳು. ದಮಯಂತಿಯೂ ಅವಳೂ ಧೂಳಿನಲ್ಲಿ ಕೂತು ಒಂದೊಂದೇ ಕಾಗದ ಮಗುಚಿದರು. ಒಂದೂಮುಕ್ಕಾಲಿಗೆ ಸಿಕ್ಕಿತು. ಹಳದಿಯಾದ ಕನ್ನಡದ ಫಾರ್ಮು, ನಮ್ಮ ಶಾಲೆಯ ಮೊಹರು, ಸಂಖ್ಯೆ 212. ಆ ಹೆಂಗಸಿಗೆ ಕನ್ನಡ ಬರುವುದಿಲ್ಲ. "ಓದಿ, ಇದೇನಾ?" ಅಂತ ಹಣಮಂತ್ರಾಯರ ಕೈಗೆ ಕೊಟ್ಟಳು.

ಅವರು ಬೆರಳಿಟ್ಟು ಓದುತ್ತ ಹೋದರು. ಹೆಸರು. ತಂದೆಯ ಹೆಸರು. ಜಾತಿ. ಆಮೇಲೆ ನಿಂತರು. ಮತ್ತೆ ಅದೇ ಸಾಲಿಗೆ ಬಂದರು. ಕಾಗದವನ್ನು ದಮಯಂತಿಯ ಕೈಗೆ ಕೊಟ್ಟು, "ಇದೊಂದ್ ಸಾಲ ಓದ್ರಿ ಅಕ್ಕಾರ" ಅಂದರು.

"'ಏಳನೇ ಇಯತ್ತೆಯಲ್ಲಿ ಉತ್ತೀರ್ಣ. ವರ್ಗದಲ್ಲಿ ಪ್ರಥಮ. ನಡತೆ ಉತ್ತಮ'" ಅಂತ ಓದಿದಳು ದಮಯಂತಿ.

"ನಾ ಫೇಲ್ ಆಗಿದ್ನಿರಿ" ಅಂದರು ಅವರು. "ರಿಜಲ್ಟಿನ ದಿನ ಅಪ್ಪ ತಾನs ಸಾಲಿಗೆ ಹೋಗಿ ಬಂದ. ಫೇಲ್ ಆಗೀದಿ, ನಡಿ ಕೆಲಸಕ್ಕ ಅಂದ. ಅದs ವಾರ ಅಪ್ಪನ ಕಾಲ ಮ್ಯಾಲೆ ಕಲ್ಲ ಬಿದ್ದಿತ್ರಿ. ಮನ್ಯಾಗ ಏಳು ಮಂದಿ." ಕಾಗದವನ್ನು ವಾಪಸ್ ತೆಗೆದುಕೊಂಡು ಹೇಳಿದರು, "ಇಲ್ಲೀ ತನಾ ಎಲ್ಲಾ ಕಡೆ ಏಳನೇ ಫೇಲ್ ಅಂತನ ಬರಸೇನ್ರಿ. ಈಕಿ ಫಾರ್ಮಿನ್ಯಾಗೂ." ನಿಶಾ ಅಪ್ಪನನ್ನೇ ನೋಡುತ್ತಿದ್ದಳು. ನಾನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ನಕಲು, ಹೆಡ್‌ಮಾಸ್ತರರ ಸಹಿ, ಮೊಹರು ಎಲ್ಲ ಆಗಿ ಲೋಕಲ್ ಹಿಡಿದು ಠಾಣೆಯ ಕಿಟಕಿ ಮುಟ್ಟುವಾಗ ನಾಲ್ಕೂ ಮೂವತ್ತೈದು. ಕಿಟಕಿಯವನು ಕಾಗದ ನೋಡಿದ, ತಲೆಯಾಡಿಸಿದ, ಫಾರ್ಮ್ ತಿರುಗಿಸಿದ, ಹಿಂದೆ ತಳ್ಳಿದ. "ಖಾಡಾಖೋಡ್ ಚಾಲತ್ ನಾಹೀ." ಗೀಚಿ ತಿದ್ದಿದ ಫಾರ್ಮ್ ನಡೆಯುವುದಿಲ್ಲ. ನೋಡಿದರೆ, ರೈಲಿನಲ್ಲಿ ನಿಂತುಕೊಂಡೇ ಹುಡುಗಿ 'ತಂದೆಯ ಶಿಕ್ಷಣ' ಅನ್ನುವಲ್ಲಿದ್ದ 'ಫೇಲ್' ಅನ್ನು ಹೊಡೆದುಹಾಕಿದ್ದಳು. "ಆ ಕಾಲಮ್ ಯಾರೂ ನೋಡುವುದಿಲ್ಲ ಮಗಳೇ, ಮೊದಲಿನ ಹಾಗೇ ಇದ್ದರೆ ತೆಗೆದುಕೊಳ್ಳುತ್ತಿದ್ದೆ. ಹೊಸತು ನಾಲ್ಕು ಪುಟ, ಐದಕ್ಕೆ ಮುಚ್ಚುತ್ತೇನೆ" ಅಂತ ಮರಾಠಿಯಲ್ಲಿ ಹೇಳಿದ ಅವನು. ಅವಳ ಬ್ಯಾಗಿನಲ್ಲಿ ಹಳೆ ಫಾರ್ಮಿನ ಜೆರಾಕ್ಸ್ ಇತ್ತು, 'ಏಳನೇ ಫೇಲ್' ಅಂತ ಸ್ವಚ್ಛವಾಗಿ ಬರೆದದ್ದು. ಅದಕ್ಕೆ ಸಹಿ ಹಾಕಿ ಕೊಟ್ಟರೂ ನಡೆಯುತ್ತದಂತೆ.

"ಅದನ್ನs ಕೊಡವಾ" ಅಂದರು ಹಣಮಂತ್ರಾಯರು. "ಸೀಟ ಹೋದೀತು. ನಂದೇನೈತಿ."

ಆಗ ಆ ಹುಡುಗಿ ಕನ್ನಡ ಮಾತಾಡಿದಳು. "ಕೊಡಂಗಿಲ್ಲ ಅಪ್ಪಾ."

ಹೊಸ ಫಾರ್ಮ್ ತೆಗೆದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ದಮಯಂತಿ ಪಕ್ಕದಲ್ಲಿ ಕೂತು, ಹಳೆಯದರಿಂದ ಒಂದೊಂದೇ ಸಾಲು ಹೇಳತೊಡಗಿದಳು, ಇಸ್ತ್ರಿ ಹಾಕುವಾಗ ಹೇಗೋ ಅದೇ ನಿಧಾನ, ಒಂದು ಅಕ್ಷರ ತಪ್ಪಿಲ್ಲ. ನಾನು ಕಿಟಕಿಗೆ ಅಡ್ಡ ನಿಂತು, ಶಟರಿನ ಅಡಿಗೆ ನನ್ನ ಬ್ಯಾಗ್ ಇಟ್ಟೆ. "ಆಜೀ, ಬ್ಯಾಗ್ ಕಾಢಾ" ಅಂದ ಅವನು, ಅಜ್ಜಿ ಬ್ಯಾಗ್ ತೆಗೆಯಿರಿ ಅಂತ. "ನಿನ್ನ ಗಡಿಯಾರ ಮೂರು ನಿಮಿಷ ಮುಂದೆ ಉಂಟು, ಸ್ಟೇಷನ್ನಿನದು ನೋಡಿ ಬಂದಿದ್ದೇನೆ" ಅಂತ ಶುರು ಮಾಡಿದೆ. ಆಮೇಲೆ ನಾನು ಏನೇನು ಹೇಳಿದೆನೋ ನನಗೇ ನೆನಪಿಲ್ಲ, ಹಿಂದಿ ಮರಾಠಿ ತುಳು ಎಲ್ಲ ಬಂತು. ಐದಕ್ಕೆ ಎರಡು ನಿಮಿಷ ಇರುವಾಗ ನಿಶಾ ನನ್ನ ಕಂಕುಳಿನ ಕೆಳಗಿನಿಂದ ಫಾರ್ಮ್ ತೂರಿಸಿದಳು.

ಅವನು ಪೆನ್ನು ಹಿಡಿದು ಒಂದೊಂದೇ ಕಾಲಮ್ ಓದುತ್ತ ಗುರುತು ಹಾಕುತ್ತ ಬಂದ. "ವಡಿಲಾಂಚೆ ಶಿಕ್ಷಣ?" ಅಂತ ತಂದೆಯ ಶಿಕ್ಷಣ ಕೇಳಿದ, ತಲೆ ಎತ್ತದೆ.

ನಿಶಾ ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ ಹಣಮಂತ್ರಾಯರು ಹೇಳಿದರು. ಕಬ್ಬಿಣದ ಮಾರ್ಕೆಟಿನಲ್ಲಿ ಕ್ರೇನಿನವನನ್ನು ಕೂಗಿ ಕೂಗಿ ಪಳಗಿದ ಗಂಟಲು, ಇಡೀ ಹಾಲಿಗೆ ಕೇಳಿಸಿತು.

"ಸಾತ್ವೀ ಪಾಸ್. ವರ್ಗಾತ್ ಪಹಿಲಾ."

ಏಳನೇ ಪಾಸ್, ವರ್ಗಕ್ಕೇ ಮೊದಲು. ಅವನು ಅದರ ಮುಂದೆ ಗುರುತು ಹಾಕಿ, ಮೊಹರು ಒತ್ತಿದ.